ಒಂದೇ ವರದಿಲಿ ಮೂರು ಸಲ ನಿದ್ದೆ

ನಮಸ್ಕಾರ. ನೀವು ಕಳ್ಸಿದ ವರದಿ ಓದ್ದೆ. ಬೆಳಗಿನ ಜಾವ ಸ್ಲೀಪರ್ ಬಸ್ಸು ಹೈವೇಲಿ ನಿಂತಿದ್ದ ಲಾರಿಗೆ ಗುದ್ದಿ ಡ್ರೈವರೂ ಇಬ್ಬರು ಪ್ರಯಾಣಿಕರೂ ತೀರಿಹೋದ ಸುದ್ದಿ. ಸ್ಪಾಟಿಗೆ ನೀವೇ ಹೋಗಿದ್ದೀರಿ, ಹೆಸರು ಊರು ಎಲ್ಲಾ ಸರಿಯಾಗಿದೆ, ಒಳ್ಳೇದು. ಆದ್ರೆ ನಿದ್ದೆ ಅನ್ನೋದನ್ನ ಮೂರು ಕಡೆ ತಂದಿದ್ದೀರಿ, ಮೂರೂ ಕಡೆ ನಂಗೆ ಸಿಟ್ಟು ಬಂತು.

'ನಿದ್ದೆ ಮಂಪರಿನಲ್ಲಿದ್ದ ಚಾಲಕ' ಅಂತ ಮೊದಲ ಸಾಲು. ಯಾರು ನೋಡಿದ್ರು? ಡ್ರೈವರ್ ಬದುಕಿಲ್ಲ. ಸ್ಟೇಷನ್ನಲ್ಲಿ ಯಾರೋ 'ತೂಕಡಿಸಿರ್ಬೇಕು' ಅಂದಿರ್ತಾರೆ, ನಿಮ್ಮ ನೋಟ್‌ಬುಕ್ಕಿಂದ ವರದಿಗೆ ಬರೋಷ್ಟರಲ್ಲಿ ಆ 'ಇರ್ಬೇಕು' ಉದುರಿಹೋಗಿದೆ. ರಸ್ತೆ ಮೇಲೆ ಬ್ರೇಕ್ ಹಾಕಿದ ಟೈರಿನ ಗುರುತು ಇತ್ತಾ, ನಿಂತಿದ್ದ ಲಾರಿ ಹಿಂದೆ ರಿಫ್ಲೆಕ್ಟರ್ ಇತ್ತಾ, ಇಂಡಿಕೇಟರ್ ಉರೀತಿತ್ತಾ, ಅಲ್ಲೇ ನಿಂತಿದ್ದವರು ನೀವು, ಒಂದೂ ಬರ್ದಿಲ್ಲ. ನಿಜವಾಗ್ಲೂ ಮಂಪರೇ ಬಂದಿತ್ತು ಅಂದ್ಕೊಳ್ಳಿ, ಗಂಟೆಗೆ 80 ಕಿಲೋಮೀಟರ್ ಸ್ಪೀಡಲ್ಲಿ 4 ಸೆಕೆಂಡ್ ರೆಪ್ಪೆ ಅಂಟಿದ್ರೆ ಬಸ್ಸು ಹತ್ತತ್ರ 90 ಮೀಟರ್ ಹೋಗಿರುತ್ತೆ, ಆದ್ರೆ ಆ ಮಂಪರು ಯಾಕೆ ಬಂತು ಅಂತ ಕೇಳ್ಬೇಕಲ್ವಾ? 2025ರ ನವೆಂಬರ್‌ವರೆಗೆ ಜಾರಿಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಲೇ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಹಿಂದಿನ ರಾತ್ರಿನೂ ಅವರೇ ಓಡ್ಸಿದ್ರಾ? ಹಗಲು ಎಲ್ಲಿ ಮಲಗಿದ್ರು? ಮಂಪರು ಅಂತ ಬರೆದ ತಕ್ಷಣ ಮಾಲೀಕರನ್ನ ಯಾರೂ ಏನೂ ಕೇಳಲ್ಲ.

ನಾನು ಹೊಸದಾಗಿ ಸೇರಿದಾಗ ನಂಗೆ ಆಕ್ಸಿಡೆಂಟ್, ಕಳ್ಳತನ ಇವೇ ಕೊಡ್ತಿದ್ರು, ಸಂಜೆ ಸ್ಟೇಷನ್‌ಗಳಿಗೆ ಫೋನ್ ಮಾಡಿ ಬರ್ಕೊಳ್ಳೋದು. ಹಂಗೇ ಒಂದಿನ ಒಬ್ಬ ಲಾರಿ ಡ್ರೈವರ್ ಬಗ್ಗೆ 'ನಿದ್ದೆ ಮಂಪರಿನಲ್ಲಿ' ಅಂತ ಬರ್ದೆ. ನಾಲ್ಕು ದಿನ ಬಿಟ್ಟು ಅವರ ತಮ್ಮ ಪೇಪರ್ ಮಡಚಿ ಹಿಡ್ಕೊಂಡು ಆಫೀಸಿಗೆ ಬಂದ್ರು, ಆ ಸಾಲಿನ ಮೇಲೆ ಬೆರಳಿಟ್ಟು 'ನಮ್ಮಣ್ಣ ಮಲಗಿದ್ದು ಯಾರು ನೋಡಿದ್ರು ಸಾರ್' ಅಂದ್ರು. ಅವರ ಬೆರಳಿನ ಹತ್ರ ಗ್ರೀಸ್ ಕಲೆ ಇತ್ತು, ಗ್ಯಾರೇಜ್ ಕೆಲಸದಿಂದ ನೇರ ಬಂದಿದ್ರು ಅನ್ಸುತ್ತೆ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಮೋಟಾರು ವಾಹನ ನಿರೀಕ್ಷಕರ ವರದಿ ಬಂತು, ಬ್ರೇಕ್ ಕೈಕೊಟ್ಟಿತ್ತು. ನಾವು ಒಳಪುಟದಲ್ಲಿ ಎರಡು ಸಾಲು ಹಾಕಿದ್ವಿ. ಅವರ ಮನೆಯವರು ಅದನ್ನ ನೋಡಿದ್ರೋ ಇಲ್ವೋ ಗೊತ್ತಿಲ್ಲ.

ಇನ್ನು 'ನಿದ್ದೆಯಲ್ಲಿದ್ದವರು ಚಿರನಿದ್ರೆಗೆ ಜಾರಿದರು' ಅನ್ನೋ ಸಾಲು. ಇದನ್ನ ಬರೆದಾಗ ನಿಮ್ಗೆ ಖುಷಿ ಆಗಿರುತ್ತೆ, ಗೊತ್ತು. ಆದ್ರೆ ಅದೇ ವರದಿಯ ಐದನೇ ಪ್ಯಾರಾದಲ್ಲಿ ತೀರಿಹೋದ ಆ ಹುಡುಗಿ ಬರ್ತ್ ಕೆಳಗೆ ಸಿಕ್ಕಿಹಾಕ್ಕೊಂಡು ಮುಕ್ಕಾಲು ಗಂಟೆ ಅಮ್ಮನ್ನ ಕರೀತಿದ್ಲು ಅಂತ ನೀವೇ ಬರ್ದಿದ್ದೀರಿ. ಹಂಗಿದ್ರೆ ಅದು ಜಾರಿದ್ದು ಹೆಂಗಾಗುತ್ತೆ? ಆ ತಾಯಿ ನಾಳೆ ಇದನ್ನ ಓದ್ತಾರೆ. 'ಮೃತಪಟ್ಟರು' ಅಂತ ಬರೀರಿ, ಸಾಕು.

ಕೊನೇಲಿ 'ಕುಂಭಕರ್ಣ ನಿದ್ರೆಯಲ್ಲಿರುವ ಅಧಿಕಾರಿಗಳು'. ಕುಂಭಕರ್ಣನನ್ನ ಎಬ್ಬಿಸಿದಾಗ ಅವನು ಎದ್ದ, ನೀನು ಮಾಡಿದ್ದು ತಪ್ಪು ಅಂತ ಅಣ್ಣನ ಮುಖಕ್ಕೇ ಹೇಳ್ದ, ಆಮೇಲೆ ಯುದ್ಧಕ್ಕೆ ಹೋದ. ಯಾವ ಇಲಾಖೆ, ಯಾವ ಅಧಿಕಾರಿ, ಕೆಟ್ಟು ನಿಂತ ಲಾರಿ ತೆಗೆಸಿ ಅಂತ ಯಾರಾದ್ರೂ ಫೋನ್ ಮಾಡಿದ್ರಾ, ಎಷ್ಟು ಹೊತ್ತಿಗೆ ಮಾಡಿದ್ರು, ಅದನ್ನ ಹುಡುಕಿ.

ಎರಡನೇ ಡ್ರೈವರ್ ಆಸ್ಪತ್ರೇಲಿದ್ದಾರೆ ಅಂತ ಬರ್ದಿದ್ದೀರಲ್ಲ, ಡಾಕ್ಟರ್ ಒಪ್ಪಿದ್ರೆ ಹೋಗಿ ಮಾತಾಡ್ಸಿ, ಸ್ಟೇರಿಂಗ್ ಎಷ್ಟು ಹೊತ್ತಿಗೆ ಬಿಟ್ಟುಕೊಟ್ರು ಅಂತ ಕೇಳಿ. ಬರ್ದು ಮತ್ತೆ ಕಳ್ಸಿ, ಜಾಗ ಇಟ್ಟಿರ್ತೀನಿ.