ಬೆಳಗಿನ ಜಾವದ ಫೋನ್

ಪುಣೆಯಲ್ಲಿ ಆಪ್ತ ಸಲಹೆಗೆಂದು ನನ್ನ ಬಳಿ ಬರುವ ಕನ್ನಡಿಗರಲ್ಲಿ ರಿಪೇರಿ ಕೆಲಸದವರು ಜಾಸ್ತಿ. ಲಿಫ್ಟು, ಜನರೇಟರು, ಆಸ್ಪತ್ರೆಯ ಯಂತ್ರ. ತಕರಾರು ಹೆಚ್ಚುಕಮ್ಮಿ ಒಂದೇ: ಫೋನ್ ಬಿಡುವುದಿಲ್ಲ, ಮನೆಯವರು ಮುನಿಸಿಕೊಂಡಿದ್ದಾರೆ. ಅದಕ್ಕೇ ಅವರಲ್ಲೊಬ್ಬರ ವಿಷಯ ಬರೆಯುತ್ತಿದ್ದೇನೆ, ಗುರುತು ಬದಲಿಸಿ.

ವಿಜಯಪುರದ ಕಡೆಯವರು, ಮನೆ ಪುಣೆ ಪಕ್ಕದ ಭೋಸರಿಯಲ್ಲಿ. ಇದೇ ಜಿಲ್ಲೆಯ ಮಂಚರ್, ಶಿರೂರು ಸುತ್ತಿನ ಡೈರಿಗಳಲ್ಲಿ ಹಾಲು ಕರೆಯುವ ಯಂತ್ರ ನೋಡಿಕೊಳ್ಳುವ ಇಂಜಿನಿಯರ್. ಬೆಳಗಿನ ಜಾವ ನಾಲ್ಕಕ್ಕೇ ಫೋನ್ ಶುರು. ಹೆಂಡತಿ ಜೊತೆ ಮಾತು ನಿಂತಿದೆ.

"ರಾತ್ರಿ ಫೋನ್ ಆಫ್ ಮಾಡಿ" ಅಂತ ನಾನು ಹೇಳಲಿಲ್ಲ. ಜೊತೆಯ ಸಲಹೆಗಾರರೊಬ್ಬರಿಗೆ ಇದು ಹಿಡಿಸಲಿಲ್ಲ. ಆದರೆ ದಿನಕ್ಕೆರಡು ಸಲ ಕರೆಯುವ ಹಸು ಆಫೀಸು ತೆರೆಯುವವರೆಗೆ ಕಾಯುತ್ತದೆಯೇ? ಹಾಲು ಕಟ್ಟಿ ಕೆಚ್ಚಲು ನೋಯುತ್ತದೆ, ಬಾವು ಬರಬಹುದು. ಅದು ಗೊತ್ತಿದ್ದವರು ಫೋನ್ ಆಫ್ ಮಾಡಿದರೂ ಕಣ್ಣು ಮುಚ್ಚುವುದಿಲ್ಲ.

ಸರ್ವಿಸ್ ಪುಸ್ತಕ ತರಲು ಹೇಳಿದೆ. ಇಬ್ಬರೂ ಕೂತು ಓದಿದೆವು. ಪಂಪಿನ ಬೆಲ್ಟ್ ಸಡಿಲ. ರಬ್ಬರ್ ಪೈಪ್ ಸೀಳಿ ಗಾಳಿ ಎಳೆಯುತ್ತಿದೆ. ಹಿಂಡಿ ಬಿಡುವ ತಾಳ ಕೊಡುವ, ನಿಮಿಷಕ್ಕೆ 60 ಸಲ ಬಡಿಯಬೇಕಾದ ಪಲ್ಸೇಟರ್ ಕಸ ಕೂತು ನಿಧಾನವಾಗಿದೆ. ಸುಮಾರು 2500 ಸಲ ಕರೆದ ಮೇಲೆ ಬದಲಿಸಬೇಕಾದ ಲೈನರ್, ಅಂದರೆ ಮೊಲೆತೊಟ್ಟಿಗೆ ಹಾಕುವ ರಬ್ಬರ್ ಕೊಳವೆ, ಹಾಗೇ ಇದೆ.

"ಇದರಲ್ಲಿ ನೀವೇ ಹೋಗಬೇಕಾದದ್ದು ಯಾವುದು?" ಅಂದೆ.

ಬೆರಳಿಟ್ಟು ತೋರಿಸಿದ್ದು ಕೆಲವೇ. ಮಿಕ್ಕಿದ್ದನ್ನು ಕಲಿಸಿದರೆ ಕೊಟ್ಟಿಗೆಯ ಹುಡುಗರೇ ಮಾಡುತ್ತಾರಂತೆ.

"ಮತ್ತೆ ಯಾಕೆ ಕಲಿಸಿಲ್ಲ?"

ತುಂಬ ಹೊತ್ತು ಪುಸ್ತಕದ ಹಾಳೆ ತಿರುವಿದರು. "ಎಲ್ಲಾರಿಗೂ ಕಲಿಸಿಬಿಟ್ರ ನನ್ನ ಯಾರು ಕರೀತಾರ್ರೀ ಮೇಡಂ? ಅಲ್ಲಿ ಹೋದ್ರ ಸಾಹೇಬ್ರು ಬಂದ್ರು ಅಂತ ಚಹಾ ಕೊಡ್ತಾರ. ಮನ್ಯಾಗ ನಾ ಬಂದಿದ್ದ ಗೊತ್ತಾಗೂದಿಲ್ಲ."

ಈ ಮಾತನ್ನು ಮೊದಲು ಹೆಂಡತಿಗೆ ಹೇಳಿ ಅಂದೆ. ಇಷ್ಟು ದಿನ ಆಕೆ ಕೇಳಿದ್ದು ಬರೀ ನೆಪ, ಅಲ್ವಾ? ಆಮೇಲೆ ಉಳಿದದ್ದು: ಪ್ರತಿ ಡೈರಿಯಲ್ಲೂ ಒಂದು ಬೆಲ್ಟ್, ಒಂದು ಪಲ್ಸೇಟರ್, ಒಂದು ಸೆಟ್ ಲೈನರ್ ಇರಲಿ. ಒಬ್ಬ ಹುಡುಗನಿಗೆ ಯಂತ್ರದ ಗಾಳಿ ಎಳೆತ ತೋರಿಸುವ ಗೇಜ್ ಓದಲು ಕಲಿಸಿ. ರಾತ್ರಿಯ ಪಾಳಿ ಜೊತೆಗಾರನೊಂದಿಗೆ ಹಂಚಿಕೊಳ್ಳಿ.

ನಾಲ್ಕು ಜನಕ್ಕೆ ಬೇಕಾಗಿರಬೇಕು ಅನ್ನುವ ಆಸೆಯನ್ನು ನಾನು ಕಾಯಿಲೆ ಅಂತ ಬರೆದುಕೊಳ್ಳುವುದಿಲ್ಲ. ಪರಊರಲ್ಲಿ ದುಡಿಯುವವರಿಗೆ ಸುಮ್ನೆ "ಇಲ್ಲ ಅನ್ನೋದು ಕಲಿ" ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಎಲ್ಲಕ್ಕೂ ಒಪ್ಪಿದರು, ಪಾಳಿಯೊಂದನ್ನು ಬಿಟ್ಟು. "ಅಂವಗ ಪಲ್ಸೇಟರ್ ಬಿಚ್ಚಾಕ ಬರೂದಿಲ್ರೀ."

"ಹಾಗಾದರೆ ಮೊದಲು ಅವನಿಗೇ ಕಲಿಸಿ" ಅಂದೆ.