ಕುಡಿದು ಬಂದು ಕುಡಗೋಲು ಎತ್ತುವ ಮಗ: ಇವತ್ತಿನ ರಾತ್ರಿ ಏನು ಮಾಡಬೇಕು, ಬೆಳಿಗ್ಗೆ ಎಲ್ಲಿಗೆ ಹೋಗಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯಲ್ಲಿ ನೀವೇ ದುಡಿದು ಕಟ್ಟಿಸಿದ ಮನೆ, ನಿಮಗೆ 66, ಮನೆಯವರಿಗೆ (ಹೆಂಡತಿಗೆ) 60, ಮಗನಿಗೆ 29. ಕುಡಿದು ಬಂದು ರೊಕ್ಕ ಕೇಳುತ್ತಾನೆ, ಮನೆ ತನ್ನ ಹೆಸರಿಗೆ ಮಾಡು ಎನ್ನುತ್ತಾನೆ, ಹೋದ ವಾರ ಕುಡಗೋಲು ಎತ್ತಿದ್ದಾನೆ. ಪೊಲೀಸರ ಹತ್ತಿರ ಹೋದರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ನಿಮಗೆ. ನನ್ನ ಮಟ್ಟಿಗೆ ಕುಡಗೋಲು ಎತ್ತಿದ ದಿನವೇ ಇದು ಮನೆ ಜಗಳದ ಗೆರೆ ದಾಟಿತು. ಮೊದಲು ಇವತ್ತಿನ ರಾತ್ರಿಯ ಮಾತು, ಕಚೇರಿ ಕೆಲಸ ಆಮೇಲೆ.

ಅವನಿಲ್ಲದ ಹೊತ್ತಿನಲ್ಲಿ ಕುಡಗೋಲು, ಕೊಡಲಿ, ಪಿಕಾಸಿ ಎಲ್ಲ ನೆಂಟರ ಮನೆಗೆ ಸಾಗಿಸಿ. ತೊಗರಿಗೆ ಹೊಡೆಯುವ ಎಣ್ಣಿ (ಕೀಟನಾಶಕ) ಡಬ್ಬಿಯನ್ನು ಮರೆಯಬೇಡಿ, 'ಕುಡಿದು ಸಾಯ್ತೀನಿ' ಎಂದು ಹೆದರಿಸುವವರ ಕೈಗೆ ಸಿಗುವುದು ಅದೇ. ಅವನು ಸಿಟ್ಟಿನಲ್ಲಿ ಬಂದಾಗ ಪಡಸಾಲೆಯಲ್ಲೇ, ಹೊರಬಾಗಿಲಿಗೆ ಹತ್ತಿರ ಇರಿ. ಅಡುಗೆಮನೆ, ಬಚ್ಚಲ ಕಡೆ ಸರಿಯಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆ ಮಲಗುವ ರೂಢಿ ಇದೆ, ಈ ವರ್ಷ ಬೇಡ. ಮೆಟ್ಟಿಲು ಒಂದೇ ಇದ್ದರೆ, ಇಳಿಯುವ ದಾರಿಯಲ್ಲಿ ಅವನೇ ನಿಂತಿರುತ್ತಾನೆ. ಅವನು ಹೊರಗೆ ಹೋಗುತ್ತೇನೆ ಎಂದರೆ ಹೋಗಲಿ. ತಾಯಂದಿರು ಕರುಳು ತಡೆಯದೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಪೆಟ್ಟು ಬೀಳುವುದು ಆಗಲೇ. ಕುಡಿದಾಗ ಲೆಕ್ಕ ಕೇಳುವುದು, ಆಣೆ ಹಾಕಿಸುವುದು ಎರಡೂ ಬೇಡ. ಮೈಮೇಲೆ ಬಂದರೆ ಕೈಯಲ್ಲಿದ್ದ ರೊಕ್ಕ ಕೊಟ್ಟು ಹೊರಗೆ ಬನ್ನಿ.

ಮಲಗುವ ಕೋಣೆಗೆ ಒಳಗಿನಿಂದ ಎರಡು ಚಿಲಕ ಹಾಕಿಸಿ, ಮೇಲೊಂದು ಕೆಳಗೊಂದು. ಚಿಲಕದ ಜೊತೆ ಬರುವ ಸಣ್ಣ ಸ್ಕ್ರೂ ನಾಲ್ಕು ಒದೆತಕ್ಕೆ ಕಿತ್ತು ಬರುತ್ತದೆ, ಚೌಕಟ್ಟಿನ ಕಡೆ ಎರಡು ಇಂಚಿನದು ಬೇಕು. ಚೌಕಟ್ಟು ಕಲ್ಲಿನದಾದರೆ ತೂತು ಕೊರೆದು ಪ್ಲಗ್ ಕೂಡಿಸಿಯೇ ಸ್ಕ್ರೂ ಹಾಕಬೇಕು. ಇಷ್ಟೆಲ್ಲ ಮಾಡಿದರೂ ಸಿಗುವುದು ಕೆಲವು ನಿಮಿಷ ಮಾತ್ರ, ಹಾಗಾಗಿ ಫೋನು, ಚಾರ್ಜರ್ ಆ ಕೋಣೆಯಲ್ಲೇ ಇರಲಿ. 112ಕ್ಕೆ ಹಚ್ಚಿದಾಗ ಮೊದಲು ವಿಳಾಸ ಮತ್ತು ಹತ್ತಿರದ ಗುಡಿಯೋ ಶಾಲೆಯೋ ಹೇಳಿ, ಆಮೇಲೆ 'ಕೈಯಲ್ಲಿ ಕುಡಗೋಲು ಇದೆ, ಕುಡಿದಿದ್ದಾನೆ' ಎನ್ನಿ. ಗೋಳು ಹೇಳುತ್ತ ಕೂತರೆ, ವಿಳಾಸ ಹೇಳುವ ಮೊದಲೇ ಅವನು ಫೋನು ಕಸಿದುಕೊಳ್ಳಬಹುದು. ಬಾಜೂ ಮನೆಯವರ ಜೊತೆ ಒಂದು ಮಾತು ಗೊತ್ತುಮಾಡಿಕೊಳ್ಳಿ: 'ಹಾಲು ಉಳದಾವೇನ್ರಿ?' ಎಂದು ನೀವು ಫೋನಿನಲ್ಲಿ ಕೇಳಿದರೆ ಅವರೇ 112ಕ್ಕೆ ಹಚ್ಚಬೇಕು. ಮನೆ ಕಾಗದ, ಪಹಣಿ, ಪಾಸ್‌ಬುಕ್ಕು, ಆಧಾರ್ ಇವುಗಳ ಅಸಲು ಇವತ್ತೇ ಬೇರೆ ಕಡೆ ಇಡಿ. ಒಂದು ವಾರದ ಬಿಪಿ, ಸಕ್ಕರೆ ಕಾಯಿಲೆ ಗುಳಿಗೆ ಕೈಚೀಲದಲ್ಲಿರಲಿ.

ಹೊಡೆದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರ ಮುಂದೆ 'ಮಗ ಹೊಡೆದ' ಎಂದೇ ಹೇಳಿ. 'ಜಾರಿ ಬಿದ್ದೆ' ಎಂದು ಒಮ್ಮೆ ಬರೆಸಿದರೆ ಮುಂದೆ ಕೇಸು ಅಲ್ಲೇ ಸಡಿಲಾಗುತ್ತದೆ. ಕುತ್ತಿಗೆ ಹಿಸುಕಿದ್ದರೆ, ಗುರುತು ಕಾಣದಿದ್ದರೂ ಹೋಗಲೇಬೇಕು. ಒಳಗೆ ಬಾವು ಏರಿ ಉಸಿರು ಕಟ್ಟುವುದು ಎಷ್ಟೋ ಗಂಟೆಗಳ ನಂತರ. ಕುತ್ತಿಗೆಗೆ ಕೈ ಹಾಕಿದವನ ಜೊತೆ ಒಂದೇ ಸೂರಿನಡಿ ಮತ್ತೆ ಮಲಗಬೇಡಿ.

ಠಾಣೆಗೆ ಕೊಡುವ ಅರ್ಜಿಯಲ್ಲಿ 'ಕಿರುಕುಳ ಕೊಡುತ್ತಾನೆ' ಎಂದಷ್ಟೇ ಬರೆದರೆ ಬುದ್ಧಿ ಹೇಳಿ ಕಳಿಸುತ್ತಾರೆ. ದಿನಾಂಕ, ಹೊತ್ತು, ಕಂಡವರು, ಅವನ ಬಾಯಿಂದ ಬಂದ ಮಾತು ಇದ್ದಹಾಗೆ ಬರೆಯಿರಿ: 'ಮನಿ ನನ್ನ ಹೆಸರಿಗಿ ಮಾಡ್ಲಿಲ್ಲಂದ್ರ ಇಬ್ರಿಗೂ ಕಡೀತೀನಿ ಅಂದ'. ಕೊಲೆ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351(3)ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುವುದು ಸಾಮಾನ್ಯ, ಆ ಹಾಳೆಗೆ ಹೆಚ್ಚು ಬಲವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 126ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಶಾಂತಿ ಕಾಪಾಡುವ ಬಾಂಡ್ ಬರೆಸಿರಿ ಎಂದು ಬಾಯಿಬಿಟ್ಟು ಕೇಳಿ. ಅದು ಒಂದು ವರ್ಷದವರೆಗೆ ಇರಬಹುದು, ಮುರಿದರೆ ಬಾಂಡಿನ ಹಣ ಕಟ್ಟಬೇಕು.

ಮನೆಯ ವಿಷಯಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಅರ್ಜಿ ಕೊಡಬೇಕಾದದ್ದು ಸಹಾಯಕ ಆಯುಕ್ತರಿಗೆ: ನಿಮಗೆ ಕಲಬುರಗಿ ಉಪವಿಭಾಗ, ಚಿಂಚೋಳಿ ಕಡೆಯವರಿಗೆ ಸೇಡಂ. ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ಹಿರಿಯರ ರಕ್ಷಣೆಗೆ ಅಗತ್ಯವಾದರೆ ಮಗನನ್ನು ಮನೆಯಿಂದ ಹೊರಗೆ ಹಾಕಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸೊಸೆ ಇದ್ದರೆ ಅವಳ ವಾಸದ ಹಕ್ಕನ್ನೂ ನೋಡಬೇಕೆಂದು ಅದೇ ತೀರ್ಪಿನಲ್ಲಿದೆ. ನಿಮ್ಮ ಮನೆಯವರು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಬೇರೆಯೇ ಅರ್ಜಿ ಹಾಕಬಹುದು, ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡುತ್ತದೆ, ನಂಬರು 15100. 'ಮಗನಿಗೂ ನಮಗೂ ಸಂಬಂಧವಿಲ್ಲ' ಎಂದು ಪೇಪರಿನಲ್ಲಿ ಹಾಕಿಸುವ ಜಾಹೀರಾತಿನಿಂದ ಅವನು ಮನೆ ಬಿಡುವುದಿಲ್ಲ, ಆ ಖರ್ಚು ಬೇಡ. ದಾನಪತ್ರಕ್ಕೆ ಹೆದರಿ ಸಹಿ ಹಾಕಬೇಡಿ.

ಕುಡಿತ ಬಿಡಿಸಲೆಂದು ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸಬೇಡಿ, ಅಂಥ ಕೆಲವು ಔಷಧದ ಮೇಲೆ ಸರಾಯಿ ಬಿದ್ದರೆ ಜೀವಕ್ಕೇ ಕುತ್ತು. ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಪಾಯ. ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಅದಕ್ಕೆ ಕಲಬುರಗಿಯ ಸರ್ಕಾರಿ ಜಿಮ್ಸ್‌ನಂಥ ಆಸ್ಪತ್ರೆಯಲ್ಲೇ ಬಿಡಿಸಬೇಕು. ಕುಡಿಯದಿದ್ದಾಗಲೂ 'ಊಟದಾಗ ವಿಷ ಹಾಕೀರಿ' ಎನ್ನುತ್ತಿದ್ದರೆ, ಯಾರೋ ಮಾತಾಡಿದ ದನಿ ಕೇಳುತ್ತದೆ ಎನ್ನುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅಂಥ ಕಾಯಿಲೆಯಿಂದ ಅವನು ಅಪಾಯಕಾರಿಯಾಗಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ ಪೊಲೀಸರೇ 24 ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು.

ಇನ್ನೊಂದು ಮಾತು. ನಿಮ್ಮ ಅರ್ಜಿಯ ಮೇಲೆ ಸಹಾಯಕ ಆಯುಕ್ತರ ನೋಟಿಸು ಅವನ ಕೈಗೆ ಬರುವ ದಿನವೇ ಎಲ್ಲಕ್ಕಿಂತ ಅಪಾಯದ ದಿನ. ಯಾವತ್ತು ಜಾರಿಯಾಗುತ್ತದೆಂದು ಕಚೇರಿಯಲ್ಲಿ ಕೇಳಿಟ್ಟುಕೊಂಡು, ಹಿಂದಿನ ಸಂಜೆಯೇ ಮನೆಯವರನ್ನು ಕರೆದುಕೊಂಡು ಮಗಳ ಮನೆಗೋ ತಮ್ಮನ ಮನೆಗೋ ಹೋಗಿಬಿಡಿ, ನಾಲ್ಕೈದು ದಿನ ಅಲ್ಲೇ ಇರಿ.