ರಾಗಿ ತಳಿಯಲ್ಲಿ ಪಿಎಚ್‌ಡಿ: ಎಚ್-ಇಂಡೆಕ್ಸ್ 21 ಇರುವ ಗೈಡಾ, 9 ಇರುವವರಾ?

ರಾಗಿ ತಳಿಯಲ್ಲಿ ಪಿಎಚ್‌ಡಿಗೆ ಇಬ್ಬರು ಗೈಡ್‌ಗಳಿದ್ದಾರೆ, ಒಬ್ಬರ ಎಚ್-ಇಂಡೆಕ್ಸ್ 21, ಇನ್ನೊಬ್ಬರದು 9, ಮೊದಲನೆಯವರೇ ದೊಡ್ಡ ವಿಜ್ಞಾನಿ ಅಂತ ಅವರ ಹತ್ತಿರವೇ ಸೇರಿಕೊಳ್ಳಲಾ ಎಂದು ಕೇಳಿದ್ದೀರಿ. ಅಷ್ಟು ಅವಸರ ಬೇಡ. ನಾನು ಕೃಷಿ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪ್ರಮೋಶನ್ ಅರ್ಜಿ ಹಾಕುವ ಕಾಲ ಬಂತೆಂದರೆ ಮೇಷ್ಟ್ರುಗಳೆಲ್ಲ ನನ್ನ ಟೇಬಲ್ ಮುಂದೆ ನಿಂತಿರುತ್ತಾರೆ, "ನಂದು ಎಷ್ಟಾಗಿದೆ ನೋಡಿ" ಅಂತ.

ಈ ಲೆಕ್ಕ 2005ರಲ್ಲಿ ಹಿರ್ಶ್ ಎನ್ನುವ ಭೌತವಿಜ್ಞಾನಿ ತಂದದ್ದು. ಎಚ್ 4 ಅಂದರೆ, ಕನಿಷ್ಠ ನಾಲ್ಕು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಬಂದ ನಾಲ್ಕು ಪೇಪರ್ ಅವರದ್ದಿವೆ ಅಂತ. ಒಬ್ಬರ ಆರು ಪೇಪರ್‌ಗಳಿಗೆ 40, 22, 9, 5, 4, 1 ಸೈಟೇಶನ್ ಬಂದಿವೆ ಅಂದುಕೊಳ್ಳಿ. ನಾಲ್ಕನೇ ಪೇಪರಿಗೆ ಕನಿಷ್ಠ 4 ಬೇಕು, 5 ಇದೆ, ಸರಿ. ಐದನೆಯದಕ್ಕೆ 5 ಬೇಕಿತ್ತು, 4 ಇದೆ. ಅಲ್ಲಿಗೆ ನಿಂತಿತು, ಎಚ್ 4. ಆ ಮೊದಲ ಪೇಪರಿನ 40 ನಾಳೆ 400 ಆದರೂ ಎಚ್ ನಾಲ್ಕೇ. ಇನ್ನೊಂದು, ಇದು ಇಳಿಯುವ ಸಂಖ್ಯೆಯಲ್ಲ. ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ. ಹಾಗಾಗಿ ನಿವೃತ್ತಿ ಹತ್ತಿರ ಇರುವವರನ್ನೂ ಹತ್ತು ವರ್ಷ ಸರ್ವೀಸ್ ಆದವರನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ತಪ್ಪು. ಗೂಗಲ್ ಸ್ಕಾಲರ್‌ನಲ್ಲಿ ಈಚಿನ ಐದು ವರ್ಷದ್ದು ಬೇರೆ ಕಾಲಮ್ ಇದೆ, ಅದನ್ನು ನೋಡಿ.

ಅದಕ್ಕೂ ಮುಂಚೆ, ಆ ಸಂಖ್ಯೆ ಅವರದ್ದೇನಾ ಅಂತ ಖಚಿತ ಮಾಡಿಕೊಳ್ಳಿ. ನಗಬೇಡಿ! ನಮ್ಮಲ್ಲಿ ತುಂಬಾ ಜನಕ್ಕೆ ಸರ್‌ನೇಮ್ ಇಲ್ಲ, ಇನಿಶಿಯಲ್ ಇದೆ. ಮಂಜುನಾಥ ಅನ್ನುವವರು ಒಂದು ಪೇಪರಿನಲ್ಲಿ ಇನಿಶಿಯಲ್ ಮುಂದೆ ಹಾಕಿರುತ್ತಾರೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ. ಪೇಪರ್, ಸೈಟೇಶನ್ ಲೆಕ್ಕ ಇಡುವ ಸ್ಕೋಪಸ್ ಡೇಟಾಬೇಸ್ ಅವರನ್ನು ಮೂರು ಜನ ಅಂತ ತಿಳಿದುಕೊಳ್ಳುತ್ತದೆ. ನಮ್ಮ ಒಬ್ಬ ಮೇಷ್ಟ್ರ ಮೂರು ಪ್ರೊಫೈಲ್ ಸೇರಿಸಿದ ಮೇಲೆ ಅವರ ಎಚ್ 6ರಿಂದ 9ಕ್ಕೆ ಹೋಯಿತು, ಸ್ವೀಟ್ ತಂದುಕೊಟ್ಟರು. ಗೂಗಲ್ ಸ್ಕಾಲರ್‌ದು ಉಲ್ಟಾ ಕಾಯಿಲೆ, ಕಂಡವರ ಪೇಪರ್‌ಗಳನ್ನೂ ತಂದು ಸೇರಿಸುತ್ತದೆ. ಬೀಜ ವಿಜ್ಞಾನದವರ ಪ್ರೊಫೈಲಿನಲ್ಲಿ ಕಾಂಕ್ರೀಟ್ ಬಿರುಕಿನ ಮೇಲಿನ ಪೇಪರ್ ನೋಡಿದ್ದೇನೆ. ಆರ್ಕಿಡ್ ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಇದ್ದರೆ ಈ ಗೊಂದಲ ಕಡಿಮೆ. ನಾಸ್ ಸ್ಕೋರ್ ಅಂತ ಯಾರಾದರೂ ಹೇಳಿದರೆ, ಅದು ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಜರ್ನಲ್ಲಿಗೆ ಕೊಡುವ ಅಂಕ, ಮನುಷ್ಯರಿಗಲ್ಲ.

ಈಗ ರಾಗಿಗೆ ಬರೋಣ. 2017ರಲ್ಲಿ ಬೆಂಗಳೂರಿನ ಕೃಷಿ ವಿವಿಯ ತಂಡ ರಾಗಿಯ ಜೀನೋಮ್, ಅಂದರೆ ಅದರ ಡಿಎನ್‌ಎ ನಕ್ಷೆ, ಪ್ರಕಟಿಸಿತು. ಅಂಥ ಪೇಪರನ್ನು ಆಮೇಲೆ ಅದೇ ವಿಷಯ ಬರೆಯುವವರು ಉಲ್ಲೇಖಿಸಲೇಬೇಕು, ಸೈಟೇಶನ್ ತಾನಾಗಿ ಬರುತ್ತದೆ. ಆದರೆ ಬೆಂಕಿ ರೋಗ ತಡೆಯುವ ಜಿಪಿಯು-28 ರಾಗಿ ತಳಿ ಬಿತ್ತಿದ ರೈತ ಯಾರಿಗೆ ಸೈಟೇಶನ್ ಕೊಡುತ್ತಾನೆ, ಹೇಳಿ? ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿ ಕೊಟ್ಟ ಲಕ್ಷ್ಮಣಯ್ಯನವರ ಕೆಲಸ ಎಚ್-ಇಂಡೆಕ್ಸ್ ಹುಟ್ಟುವುದಕ್ಕೂ ಎಷ್ಟೋ ಮೊದಲಿನದು, ಅದು ಹೊಲದಲ್ಲಿ ಕಾಣಿಸಿತು. ಆದ್ದರಿಂದ ತಳಿ ಮಾಡುವವರ ಬಗ್ಗೆ ತಿಳಿಯಬೇಕಾದರೆ ಬಿಡುಗಡೆಯಾದ ತಳಿಗಳ ಪಟ್ಟಿಯನ್ನೂ ಕೇಳಿ.

ಇನ್ನು ಯಾರ ಜೊತೆ ಸೇರಿ ಕೆಲಸ ಮಾಡುತ್ತಾರೆ ಅನ್ನುವುದು. ಸ್ಕೋಪಸ್‌ನಿಂದ ಪಟ್ಟಿ ಇಳಿಸಿಕೊಂಡು ವಾಸ್‌ವ್ಯೂವರ್ ಎನ್ನುವ ಉಚಿತ ಸಾಫ್ಟ್‌ವೇರ್‌ಗೆ ಹಾಕಿದರೆ ಯಾರ ಜೊತೆ ಯಾರು ಬರೆದಿದ್ದಾರೆ ಅನ್ನುವ ಜೇಡರ ಬಲೆಯಂಥ ಚಿತ್ರ ಬರುತ್ತದೆ. ಆದರೆ ಬಲೆ ದೊಡ್ಡದು ಅಂತ ಮರುಳಾಗಬೇಡಿ. ಬೇರೆ ಬೇರೆ ಊರಿನ ಸೆಂಟರ್‌ಗಳಲ್ಲಿ ತಳಿ ಪರೀಕ್ಷಿಸುವ ಅಖಿಲ ಭಾರತ ಸಮನ್ವಯ ಯೋಜನೆಯ ಪೇಪರ್ ಆದರೆ ಟ್ರಯಲ್ ನಡೆದ ಸೆಂಟರ್‌ಗಳವರ ಹೆಸರೆಲ್ಲ ಸೇರಿರುತ್ತದೆ, ಅವರಲ್ಲಿ ಕೆಲವರು ಒಬ್ಬರಿಗೊಬ್ಬರು ವರ್ಕ್‌ಶಾಪ್‌ನಲ್ಲಿ ಬಿಟ್ಟರೆ ಸಿಕ್ಕಿರುವುದೇ ಇಲ್ಲ. ನಾನಂತೂ ಹತ್ತು ಪೇಪರ್ ತೆರೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ: ಮೊದಲ ಹೆಸರು ಯಾರದು, ಕೊನೆಯದು ಯಾರದು, ಹೊರಗಿನವರ ಯಾವ ಹೆಸರು ಮತ್ತೆ ಮತ್ತೆ ಬರುತ್ತದೆ. ಹಾಗೇ 'ಸೈಟೆಡ್ ಬೈ' ಒತ್ತಿ, ಉಲ್ಲೇಖಿಸಿದವರೆಲ್ಲ ಅವರ ಹಳೇ ವಿದ್ಯಾರ್ಥಿಗಳೇನಾ ನೋಡಿ.

ನಿಮಗೆ ಮುಖ್ಯವಾದದ್ದು ಆ ಮೊದಲ ಹೆಸರು, ಕೆಲಸದ ಶ್ರೇಯ ಹೆಚ್ಚಾಗಿ ಹೋಗುವುದು ಅವರಿಗೇ. 9 ಇರುವವರ ಪೇಪರ್‌ಗಳಲ್ಲಿ ಪಿಎಚ್‌ಡಿ ಹುಡುಗ ಹುಡುಗಿಯರ ಹೆಸರು ಮೊದಲಿದ್ದು, 21ರವರ ಪೇಪರ್‌ಗಳಲ್ಲಿ ಎಲ್ಲೋ ನಡುವೆ ಸಿಕ್ಕಿಕೊಂಡಿದ್ದರೆ, ನಾನು ನಿಮ್ಮ ಜಾಗದಲ್ಲಿದ್ದರೆ ನಾಳೆ ಬೆಳಿಗ್ಗೆಯೇ 9ರವರ ಹೊಲಕ್ಕೆ ಹೋಗಿ ಮಾತಾಡಿಸುತ್ತಿದ್ದೆ. ಹತ್ತು ಗಂಟೆಯ ಒಳಗೆ ಹೋಗಿ, ಆಮೇಲೆ ಮೀಟಿಂಗ್‌ಗೆ ಹೋಗಿಬಿಡುತ್ತಾರೆ.